476 ಎಂದು ಬರೆದ ಮಕ್ಕಳ ಉತ್ತರ ಪತ್ರಿಕೆ ಎಲ್ಲಿದೆ?: ಶಾಲಾ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು ಹಾಗೂ ಇಲಾಖೆಯ ಹಿರಿಯ ಅಧಿಕಾರಿಗಳು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೆ,

ಮೂವತ್ತು ವರ್ಷ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿ, 2024ರ ಮೇ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು ನಾನು. ಸೇವೆಯಲ್ಲಿದ್ದಾಗ ಇಂಥ ಪತ್ರವನ್ನು ಬಹಿರಂಗವಾಗಿ ಬರೆಯುವಂತಿರಲಿಲ್ಲ. ನಡತೆ ನಿಯಮಗಳು ತಮಗೆ ತಿಳಿದೇ ಇವೆ. ಐದು, ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆಪತ್ರಿಕೆ ಇರಬೇಕೇ, ಬೇಡವೇ ಎಂಬ ಚರ್ಚೆ ಮೂರು ವರ್ಷಗಳಿಂದ ಹೈಕೋರ್ಟು ಮತ್ತು ಸುಪ್ರೀಂ ಕೋರ್ಟುಗಳ ಮೆಟ್ಟಿಲು ಹತ್ತಿ ಇಳಿದಿದೆ. ಅಲ್ಲಿ ವಾದಿಸಿದವರೆಲ್ಲ ಪರೀಕ್ಷೆ ನಡೆಸುವ ಅಧಿಕಾರ ಯಾರದು ಎಂದು ಕೇಳಿದರು. ಪರೀಕ್ಷೆ ಮುಗಿದ ಮೇಲೆ ಉತ್ತರ ಪತ್ರಿಕೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ನಾನು ಪರೀಕ್ಷೆಯೇ ಬೇಡವೆನ್ನುವವರ ಸಾಲಿನವಳಲ್ಲ. ಬರೆದ ಮಗುವಿಗೂ ಕಲಿಸಿದ ಶಿಕ್ಷಕರಿಗೂ ಮರಳಿ ಸಿಗದ ಪರೀಕ್ಷೆ ಬೇಡ ಎಂಬುದಷ್ಟೇ ನನ್ನ ಅಹವಾಲು. ಅದಕ್ಕೆ ಕಾರಣವಾದ ಒಂದು ಲೆಕ್ಕವನ್ನು ಮೊದಲು ತಮ್ಮ ಮುಂದಿಡುತ್ತೇನೆ.

2023ರ ಡಿಸೆಂಬರಿನಲ್ಲಿ ಐದನೆಯ ತರಗತಿಯ ಗಣಿತ ಶಿಕ್ಷಕರು ರಜೆಯಲ್ಲಿದ್ದುದರಿಂದ ನಾನೇ ತರಗತಿಗೆ ಹೋಗಿ, ಹಲಗೆಯ ಮೇಲೆ ನಾಲ್ಕು ಲೆಕ್ಕ ಬರೆದು, ಮಕ್ಕಳಿಗೆ ಅರ್ಧ ಹಾಳೆ ಹಂಚಿದೆ. ಅದರಲ್ಲಿ ಒಂದು, 502ರಲ್ಲಿ 178 ಕಳೆಯುವುದು. ಇಪ್ಪತ್ತೆಂಟು ಮಕ್ಕಳಲ್ಲಿ ಒಂಬತ್ತು ಮಂದಿ 476 ಎಂದು ಬರೆದಿದ್ದರು. ಒಬ್ಬರನ್ನೊಬ್ಬರು ನೋಡಿ ಬರೆದಿದ್ದಾರೆ ಎಂದುಕೊಂಡೆ, ಆದರೆ ಅವರು ಕುಳಿತಿದ್ದ ಜಾಗ ಬೇರೆ ಬೇರೆ. ಮುಂದಿನ ಸಾಲಿನ ಹುಡುಗಿಯನ್ನು ಕರೆದು, ಹೇಗೆ ಮಾಡಿದೆ ಹೇಳು ಎಂದೆ. ಅವಳು ಹೇಳಿದ್ದು ಹೀಗೆ: ಬಿಡಿ ಸ್ಥಾನದಲ್ಲಿ ಎರಡು, ಎಂಟು ಇವೆ, ಎಂಟರಲ್ಲಿ ಎರಡು ಹೋದರೆ ಆರು. ಹತ್ತರ ಸ್ಥಾನದಲ್ಲಿ ಸೊನ್ನೆ, ಏಳು ಇವೆ, ಏಳರಲ್ಲಿ ಸೊನ್ನೆ ಹೋದರೆ ಏಳು. ಐದರಲ್ಲಿ ಒಂದು ಹೋದರೆ ನಾಲ್ಕು. ಮೇಲಿನದ್ದರಲ್ಲಿ ಕೆಳಗಿನದ್ದನ್ನು ಕಳೆಯಬೇಕಲ್ಲವೇ ಎಂದಿದ್ದಕ್ಕೆ ಅವಳು, "ಮಿಸ್, ದೊಡ್ಡದ್ರಲ್ಲಿ ಚಿಕ್ಕದ್ನ ಕಳೀಬೇಕು ಅಂತ ನೀವೇ ಹೇಳ್ಕೊಟ್ಟಿದ್ರಿ" ಎಂದಳು.

ಹೇಳಿಕೊಟ್ಟಿದ್ದು ನಿಜ. ಎರಡನೆಯ ತರಗತಿಯಲ್ಲಿ ನಾವೆಲ್ಲ ಹೇಳಿಕೊಡುವುದು ಅದನ್ನೇ. ಪಕ್ಕದ ಮನೆಯಿಂದ ಸಾಲ ತರುವ ಮಾತು ಆಮೇಲೆ ಬರುತ್ತದೆ, ಪಕ್ಕದ ಮನೆಯಲ್ಲಿ ಸೊನ್ನೆ ಇದ್ದರೆ ಅದರಾಚೆಯ ಮನೆಗೆ ಹೋಗಬೇಕೆಂಬುದು ಇನ್ನೂ ಆಮೇಲೆ, ಕೆಲವೊಮ್ಮೆ ಬರುವುದೇ ಇಲ್ಲ. ಆ ಒಂಬತ್ತು ಮಕ್ಕಳು ದಡ್ಡರಲ್ಲ. ನಾವು ಕೊಟ್ಟ ಒಂದು ನಿಯಮವನ್ನು ಮೂರು ವರ್ಷ ನಿಷ್ಠೆಯಿಂದ ಪಾಲಿಸಿದ್ದರು. ಮರುದಿನ ಪೊರಕೆ ಕಡ್ಡಿಗಳನ್ನು ಹತ್ತರ ಕಟ್ಟು, ನೂರರ ಕಟ್ಟು ಮಾಡಿಸಿ, ಐದು ದೊಡ್ಡ ಕಟ್ಟು ಮತ್ತು ಎರಡು ಬಿಡಿ ಕಡ್ಡಿ ಕೈಗೆ ಕೊಟ್ಟು, ಇದರಿಂದ 178 ತೆಗೆದುಕೊಡಿ ಎಂದೆವು. ಎಂಟು ಬಿಡಿ ಕಡ್ಡಿ ಬೇಕು, ಇರುವುದು ಎರಡು, ಹತ್ತರ ಕಟ್ಟು ಒಂದೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ನೂರರ ಕಟ್ಟಿನ ರಬ್ಬರ್ ಬ್ಯಾಂಡನ್ನು ಬಿಚ್ಚಲೇ ಎಂದು ಒಬ್ಬ ಹುಡುಗ ಕೇಳಿದ. ಮೂರು ದಿನ ಹಿಡಿಯಿತು. ಕೊನೆಯಲ್ಲಿ ಏಳು ಮಕ್ಕಳು 324 ಬರೆದರು. ಇಬ್ಬರು ಕಡ್ಡಿಯಲ್ಲಿ ಸರಿ ಮಾಡಿ, ಹಾಳೆಯ ಮೇಲೆ ಮತ್ತೆ 476ಕ್ಕೇ ಮರಳಿದರು.

ಇದನ್ನು ಇಷ್ಟು ಉದ್ದಕ್ಕೆ ಬರೆದದ್ದಕ್ಕೆ ಕಾರಣವಿದೆ. ಇದೇ ಲೆಕ್ಕ ರಾಜ್ಯಮಟ್ಟದ ಪತ್ರಿಕೆಯಲ್ಲಿ ಬಂದಿದ್ದರೆ 476 ಬರೆದವನಿಗೂ ಏನೂ ಬರೆಯದೆ ಬಿಟ್ಟವನಿಗೂ ಸಿಗುವುದು ಸೊನ್ನೆಯೇ. ಆ ಸೊನ್ನೆ ಉಳಿದ ಅಂಕಗಳೊಡನೆ ಕೂಡಿ ಹದಿನಾಲ್ಕೋ ಹದಿನೇಳೋ ಆಗಿ ಮಕ್ಕಳ ವಿವರ, ಅಂಕಗಳನ್ನು ಇಲಾಖೆ ದಾಖಲಿಸುವ ಸ್ಯಾಟ್ಸ್ ತಂತ್ರಾಂಶದಲ್ಲಿ ಕೂರುತ್ತದೆ, ಅಲ್ಲಿಂದ ತಾಲ್ಲೂಕಿನ ಸರಾಸರಿಯಾಗಿ, ಜಿಲ್ಲೆಯ ಸರಾಸರಿಯಾಗಿ ಮೇಲೆ ಹೋಗುತ್ತದೆ. ಮೇಲೆ ಹೋದಂತೆ ಆ ಅಂಕ ಅಚ್ಚುಕಟ್ಟಾಗುತ್ತದೆ, ಮಗುವಿನ ತಲೆಯೊಳಗೆ ಏನು ನಡೆಯಿತೆಂಬ ಸಂಗತಿ ಮಾತ್ರ ಮೊದಲ ಮೆಟ್ಟಿಲಿನಲ್ಲೇ ಉದುರಿ ಹೋಗಿರುತ್ತದೆ. ನನಗೆ ಬೇಕಾಗಿದ್ದುದು ಹದಿನಾಲ್ಕು ಎಂಬ ಸಂಖ್ಯೆಯಲ್ಲ, 476 ಎಂಬ ತಪ್ಪು.

ಆ ಮಕ್ಕಳೇ ಮೂರು ತಿಂಗಳ ನಂತರ ರಾಜ್ಯಮಟ್ಟದ ಪರೀಕ್ಷೆಗೆ ಕುಳಿತರು. ಅದರ ಕಥೆ ತಮಗೆ ನನಗಿಂತ ಚೆನ್ನಾಗಿ ಗೊತ್ತು. ಓದುಗರ ಸಲುವಾಗಿ ನೆನಪಿಸುತ್ತೇನೆ. 2024ರ ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಪರೀಕ್ಷೆಯ ಅಧಿಸೂಚನೆಗಳನ್ನು ರದ್ದುಪಡಿಸಿತು, ಮರುದಿನವೇ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ನೀಡಿತು, 11ರಂದು ಪರೀಕ್ಷೆ ಶುರುವಾಯಿತು, 12ರಂದು ಸುಪ್ರೀಂ ಕೋರ್ಟು ಮಧ್ಯೆ ಬಂದಿತು, ಪರೀಕ್ಷೆ ಅರ್ಧದಲ್ಲೇ ನಿಂತಿತು. 22ರಂದು ವಿಭಾಗೀಯ ಪೀಠ ಮತ್ತೆ ಅನುಮತಿ ಕೊಟ್ಟ ಮೇಲೆ 25ರಿಂದ ಉಳಿದ ಪತ್ರಿಕೆಗಳು ನಡೆದವು. ಏಪ್ರಿಲ್ 8ರಂದು ಫಲಿತಾಂಶಕ್ಕೇ ಸುಪ್ರೀಂ ಕೋರ್ಟು ತಡೆ ನೀಡಿತು. ಹತ್ತು ವರ್ಷದ ಮಗುವಿಗೆ ಮೇಲ್ಮನವಿ, ತಡೆಯಾಜ್ಞೆಗಳನ್ನು ವಿವರಿಸುವ ಕೆಲಸ ನಮ್ಮ ಪಾಲಿಗೆ ಬಂತು. "ನಾಳೆ ಎಕ್ಸಾಮ್ ಐತಾ, ಇಲ್ವಾ?" ಎಂದು ಹಾಲಿನ ಡೈರಿಯ ಹತ್ತಿರ ಪೋಷಕರು ಕೇಳುತ್ತಿದ್ದರು, ಟಿವಿ ನೋಡಿ ಹೇಳುತ್ತೇನೆ ಎನ್ನುವುದನ್ನು ಬಿಟ್ಟು ನನ್ನಲ್ಲಿ ಬೇರೆ ಉತ್ತರವಿರಲಿಲ್ಲ.

ಕಾನೂನಿನ ವಿಚಾರ ಚಿಕ್ಕದಾಗಿ ಹೇಳಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೆಯ ಸೆಕ್ಷನ್, ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗು ಯಾವುದೇ ಬೋರ್ಡ್ ಪರೀಕ್ಷೆ ಪಾಸಾಗಬೇಕಾದ ಅಗತ್ಯವಿಲ್ಲ ಎನ್ನುತ್ತದೆ. 2019ರ ತಿದ್ದುಪಡಿ ಐದು ಮತ್ತು ಎಂಟರಲ್ಲಿ ಪರೀಕ್ಷೆ ನಡೆಸಲು, ಮರುಪರೀಕ್ಷೆಯಲ್ಲೂ ಸೋತವರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ತನ್ನ ಅಧೀನದ ಶಾಲೆಗಳಲ್ಲಿ ಹಾಗೆ ಉಳಿಸಿಕೊಳ್ಳುವ ನಿಯಮವನ್ನೂ ತಂದಿತು. ನಮ್ಮ ಇಲಾಖೆ ಆ ದಾರಿ ಹಿಡಿಯಲಿಲ್ಲ. ಐದು ಮತ್ತು ಎಂಟರಲ್ಲಿ ಯಾರನ್ನೂ ಫೇಲ್ ಮಾಡುವುದಿಲ್ಲ, ಇದು ಪರೀಕ್ಷೆಯಲ್ಲ, ಮೌಲ್ಯಾಂಕನ ಎಂದಿತು. ಸಂತೋಷ. ಫೇಲ್ ಮಾಡುವುದಕ್ಕಲ್ಲ ಎಂದಾದರೆ ಅದು ಇರುವುದು ಮಗುವಿನ ಕಲಿಕೆಯನ್ನು ತಿಳಿಯುವುದಕ್ಕೆ. ತಿಳಿಯಬೇಕಾದವರು ಯಾರು? ಜೂನ್ ತಿಂಗಳಲ್ಲಿ ಆ ಮಗುವಿಗೆ ಪಾಠ ಮಾಡಬೇಕಾದವರು. ಅವರಿಗೇ ಏನೂ ತಲುಪದಿದ್ದರೆ ಹೆಸರು ಬದಲಾಯಿಸಿದ್ದರಿಂದ ಆದ ಲಾಭವೇನು? (ಇನ್ನೊಂದು ಮಾತು: 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಒಪ್ಪುವುದಿಲ್ಲವೆಂದು ಹೇಳಿ ನಮ್ಮದೇ ರಾಜ್ಯ ಶಿಕ್ಷಣ ನೀತಿಗೆ ಆಯೋಗ ರಚಿಸಿದ 2023ರ ಅಕ್ಟೋಬರಿನಲ್ಲೇ ಈ ಪರೀಕ್ಷೆಗಳ ಅಧಿಸೂಚನೆಯೂ ಹೊರಟಿತು. ಮೂರು, ಐದು, ಎಂಟನೆಯ ತರಗತಿಗಳಲ್ಲಿ ಪರೀಕ್ಷೆ ಇರಲಿ ಎನ್ನುವುದು ಆ ರಾಷ್ಟ್ರೀಯ ನೀತಿಯೇ.)

ಪರೀಕ್ಷೆ ಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಹೆಸರಿನಲ್ಲಿ ನಮ್ಮ ಶಾಲೆಗಳಲ್ಲಿ ನಡೆದದ್ದರ ಬಹುಭಾಗ ಬರವಣಿಗೆಯ ಕೆಲಸ. ವರ್ಷಕ್ಕೆ ನಾಲ್ಕು ಎಫ್‌ಎ (ಕಲಿಕೆಯ ನಡುವಿನ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯ ಮೌಲ್ಯಮಾಪನ); ಪ್ರತಿಯೊಂದಕ್ಕೂ ಪ್ರತಿ ಮಗುವಿನ ಚಟುವಟಿಕೆ, ಅಂಕ, ಶ್ರೇಣಿ. ಎರಡು ತರಗತಿಯನ್ನು ಒಟ್ಟಿಗೆ ನೋಡಿಕೊಳ್ಳುವ ಶಿಕ್ಷಕಿ, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಶೂ ಸಾಕ್ಸ್ ಅಳತೆಯ ಪಟ್ಟಿಗಳ ನಡುವೆ ಸಂಜೆ ನಾಲ್ಕೂವರೆಗೆ ಕುಳಿತು ಎಲ್ಲರಿಗೂ ಎ, ಬಿ+ ತುಂಬಿದ್ದನ್ನು ನಾನು ಕಂಡಿದ್ದೇನೆ; ಮುಖ್ಯ ಶಿಕ್ಷಕಿಯಾಗಿ ಅದಕ್ಕೆ ಸಹಿ ಹಾಕಿದ್ದೇನೆ. ಎಂಟನೆಯ ತರಗತಿಗೆ ಬಂದ ಮಗು ಒಂದು ಪುಟ ಓದಲಾರದಿದ್ದಾಗ, ಇವಳು ಏಳು ವರ್ಷ ಏನು ಕಲಿತಳು ಎಂದು ತಂದೆ ಬಂದು ಕೇಳಿದರೆ ತಲೆ ತಗ್ಗಿಸುವುದು ಬಿಟ್ಟು ಬೇರೆ ದಾರಿಯಿರುವುದಿಲ್ಲ. ಹೊರಗಿನವರೊಬ್ಬರು ಬಂದು ನೋಡಲಿ ಎನ್ನುವ ಪೋಷಕರ ಒತ್ತಾಯ ಹುಟ್ಟಿದ್ದು ಇಲ್ಲಿಂದ. ಅದು ನ್ಯಾಯವಾದದ್ದು.

ಆದರೆ ಹೊರಗಿನ ಅಳತೆಗೆ ಮಾನ, ಬಡ್ತಿ, ನೋಟಿಸುಗಳನ್ನು ಕಟ್ಟಿದ ಕೂಡಲೇ ಅಳತೆಯೇ ಕೆಡುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಗಿಂತ ಹತ್ತಿರದ ಸಾಕ್ಷಿ ಬೇಡ. 2023ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಚಿತ್ರದುರ್ಗ ಮೊದಲು, ಮಂಡ್ಯ ಎರಡನೆಯದು. ನಮ್ಮದು ಶೇ 96.74. ಮಂಡ್ಯದಲ್ಲಿ ಸಿಹಿ ಹಂಚಿದರು, ಸನ್ಮಾನಗಳಾದವು. ಮರುವರ್ಷ ತಾವು ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿಸಿ ವೆಬ್‌ಕಾಸ್ಟಿಂಗ್ ಮಾಡಿದಿರಿ. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಶೇ 20ರವರೆಗೆ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು, ಕೃಪಾಂಕ ಇಲ್ಲದಿದ್ದರೆ ಶೇ 53ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಮಂಡ್ಯವೂ ಪಟ್ಟಿಯಲ್ಲಿ ಬಹಳ ಕೆಳಕ್ಕೆ ಜಾರಿತು. ಒಂದು ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಕುಗ್ಗಲಿಲ್ಲ, ಶಿಕ್ಷಕರು ಪಾಠ ಮಾಡುವುದನ್ನು ಬಿಡಲೂ ಇಲ್ಲ. ಹಾಗಾದರೆ ಹಿಂದಿನ ವರ್ಷಗಳಲ್ಲಿ ನಾವು ಅಳೆದದ್ದು ಏನನ್ನು? ಕ್ಯಾಮೆರಾ ಹಾಕಿದ್ದು ಒಳ್ಳೆಯದೇ ಆಯಿತು. ಅದು ಬೇಕಾಯಿತೆಂಬ ಸಂಗತಿಯನ್ನು ಮಾತ್ರ ಇಲಾಖೆ ಮರೆಯಬಾರದು: ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ, ಹಿಂದೆ ಬಿದ್ದ ಜಿಲ್ಲೆಯ ಉಪನಿರ್ದೇಶಕರನ್ನೂ (ಡಿಡಿಪಿಐ) ತಾಲ್ಲೂಕಿನ ಶಿಕ್ಷಣಾಧಿಕಾರಿಗಳನ್ನೂ (ಬಿಇಒ) ಸಭೆಯಲ್ಲಿ ಎಬ್ಬಿಸಿ ನಿಲ್ಲಿಸುವ ಪದ್ಧತಿಯೇ ಆ ಹಿಂದಿನ ಸಂಖ್ಯೆಗಳನ್ನು ಉಬ್ಬಿಸಿದ್ದು. ಪ್ರೌಢಶಾಲೆಗಳಲ್ಲಿ ಜನವರಿ ಬಂತೆಂದರೆ ಪಾಠ ನಿಂತು "ಪಾಸಿಂಗ್ ಪ್ಯಾಕೇಜ್" ಶುರುವಾಗುತ್ತದೆ. ಯಾವ ಚಿತ್ರ ಬರೆದರೆ ನಾಲ್ಕು ಅಂಕ, ಯಾವ ಪದ್ಯ ಬಾಯಿಪಾಠ ಮಾಡಿದರೆ ಎಷ್ಟು ಎಂಬ ಪಟ್ಟಿ. ಅದನ್ನು ಐದನೆಯ ತರಗತಿಗೂ ಇಳಿಸುವುದು ಬೇಡ.

ಇದು ನಮ್ಮೊಬ್ಬರ ರೋಗವಲ್ಲ. ಅಮೆರಿಕ 2002ರಲ್ಲಿ ಜಾರಿಗೆ ತಂದ ಕಾನೂನು, ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿ ವರ್ಷ ಗಣಿತ ಮತ್ತು ಓದಿನ ಪರೀಕ್ಷೆ ನಡೆಯಬೇಕು, 2014ರೊಳಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕು ಎಂದು ಗಡುವು ಹಾಕಿತ್ತು. ಮುಟ್ಟದ ಶಾಲೆಗಳಿಗೆ ಕ್ರಮ ಕಾದಿತ್ತು. ಅಟ್ಲಾಂಟಾ ನಗರದಲ್ಲಿ 44 ಶಾಲೆಗಳ ಶಿಕ್ಷಕರು, ಮುಖ್ಯಸ್ಥರು ಮಕ್ಕಳ ಉತ್ತರಗಳನ್ನು ಅಳಿಸಿ ತಿದ್ದಿದಂಥ ಅಕ್ರಮಗಳಲ್ಲಿ ತೊಡಗಿದ್ದರೆಂದು 2011ರ ತನಿಖೆ ಹೇಳಿತು. ಕೆಲವರು ನ್ಯಾಯಾಲಯದಲ್ಲಿ ಅಪರಾಧಿಗಳೆಂದು ಸಾಬೀತಾದರು. ಆ ಕಾನೂನನ್ನು 2015ರಲ್ಲಿ ಬದಲಾಯಿಸಲಾಯಿತು. ನ್ಯೂಜಿಲೆಂಡ್ 2010ರಲ್ಲಿ ಪ್ರಾಥಮಿಕ ಶಾಲೆಗಳಿಗೆ ತಂದ ರಾಷ್ಟ್ರೀಯ ಮಾನದಂಡಗಳನ್ನು 2017ರ ಕೊನೆಯಲ್ಲಿ ಕೈಬಿಟ್ಟಿತು. ಅವರು ಬಿಟ್ಟರೆಂದು ನಾವೂ ಬಿಡಬೇಕೆಂಬುದು ನನ್ನ ವಾದವಲ್ಲ, ಅವರು ಎಡವಿದ ಕಲ್ಲು ನಮ್ಮ ಬೀದಿಯಲ್ಲೂ ಇದೆ ಎಂದಷ್ಟೇ.

ನಮ್ಮ ಕಡೆಯ ರೈತರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆಗೆ ಕಬ್ಬು ಹಾಕುವವರಿಗೆ ಕೇಂದ್ರ ಸರ್ಕಾರ ಗೊತ್ತುಮಾಡುವ ಎಫ್‌ಆರ್‌ಪಿ ದರ ಶೇ 10.25ರ ಸಕ್ಕರೆ ಇಳುವರಿಯ (ರಿಕವರಿ) ಲೆಕ್ಕದಲ್ಲಿ ನಿಗದಿಯಾಗುತ್ತದೆ. ಅದಕ್ಕೆ ಹೋಲಿಸುವುದು ಇಡೀ ಕಾರ್ಖಾನೆಯ ಸರಾಸರಿಯನ್ನು. ನನ್ನ ಗದ್ದೆಯ ಕಬ್ಬಿನಲ್ಲಿ ಎಷ್ಟು ಸಕ್ಕರೆ ಇತ್ತು, ನಾಟಿ ತಡವಾಯಿತೇ, ನೀರು ಹೆಚ್ಚಾಯಿತೇ ಎಂದು ಆ ಸರಾಸರಿ ಹೇಳುವುದಿಲ್ಲ. ಪೋಷಕರಿರುವ ಶಾಲಾ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ಕ್ಲಸ್ಟರಿನ (ಸುತ್ತಲಿನ ಶಾಲೆಗಳ ಗುಂಪಿನ) ಸರಾಸರಿಯನ್ನು ಓದಿ ಹೇಳಿದಾಗ ಪೋಷಕರೊಬ್ಬರು, "ಅದು ಫ್ಯಾಕ್ಟರಿ ರಿಕವರಿ ಆಯ್ತು ಮಿಸ್, ನಮ್ ಹುಡ್ಗಂದು ಹೇಳಿ" ಎಂದಿದ್ದರು. ನನ್ನ ಬಳಿ ಇದ್ದದ್ದು ಸರಾಸರಿ ಮಾತ್ರ.

ಹಾಗಾದರೆ ಬೇರೆ ಬಗೆಯ ಅಳತೆ ಸಾಧ್ಯವೇ ಎಂದು ತಾವು ಕೇಳಬಹುದು. ಸಾಧ್ಯವೆಂಬುದನ್ನು ನಾನು ಕಂಡದ್ದು ಇದೇ ಇಲಾಖೆಯಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. 1995ರಲ್ಲಿ, ನಾನು ಕೆಲಸಕ್ಕೆ ಸೇರಿದ ಮರುವರ್ಷ, ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿಯನ್ನು ಆರಂಭಿಸಿದರು. ಕಾಡಂಚಿನ ಹಾಡಿಗಳ ಮಕ್ಕಳು ತಂದೆತಾಯಿಯ ಜೊತೆ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೊರಟರೆ ಎರಡು ತಿಂಗಳು ಶಾಲೆಯ ಕಡೆ ಸುಳಿಯುತ್ತಿರಲಿಲ್ಲ. ಹಳೆಯ ಕ್ರಮದಲ್ಲಿ ಅವರು ಮರಳುವ ಹೊತ್ತಿಗೆ ತರಗತಿ ಐದು ಪಾಠ ಮುಂದೆ ಹೋಗಿರುತ್ತಿತ್ತು, ಅವರು ಹಿಂದಿನ ಸಾಲಿನಲ್ಲಿ ಕುಳಿತು ಒಂದು ದಿನ ಬರುವುದನ್ನೇ ನಿಲ್ಲಿಸುತ್ತಿದ್ದರು. ನಲಿ-ಕಲಿಯಲ್ಲಿ ಗೋಡೆಯ ಮೇಲೆ, ಕಲಿಯಬೇಕಾದ ಹೆಜ್ಜೆಗಳನ್ನು ಒಂದರ ನಂತರ ಒಂದಾಗಿ ತೋರಿಸುವ ಕಲಿಕಾ ಏಣಿ ಇತ್ತು. ಮರಳಿ ಬಂದ ಹುಡುಗ ತನ್ನ ಹೆಸರು ಎಲ್ಲಿ ನಿಂತಿದೆಯೆಂದು ಪ್ರಗತಿ ನೋಟವೆಂಬ ಪಟ್ಟಿಯಲ್ಲಿ ಹುಡುಕಿ, ಬಿಟ್ಟುಹೋಗಿದ್ದ ಕಾರ್ಡನ್ನೇ ತೆಗೆದುಕೊಂಡು, ಅದಕ್ಕೆ ಹೊಂದುವ ತಟ್ಟೆಯಲ್ಲಿ, ಅಂದರೆ ಮಕ್ಕಳ ಗುಂಪಿನಲ್ಲಿ, ಹೋಗಿ ಕೂರುತ್ತಿದ್ದ. ಮೈಲಿಗಲ್ಲು ಎನ್ನುವ ಒಂದೊಂದು ಹಂತದ ಕೊನೆಯಲ್ಲಿ ಮೌಲ್ಯಮಾಪನದ ಕಾರ್ಡು ಬರುತ್ತಿತ್ತು. ಅದನ್ನು ಮಾಡಲಾಗದಿದ್ದರೆ ನಾಲ್ಕು ಕಾರ್ಡು ಹಿಂದಕ್ಕೆ ಹೋಗಿ ಮತ್ತೆ ಬರುತ್ತಿದ್ದ. ಅದೂ ಪರೀಕ್ಷೆಯೇ, ಕಟ್ಟುನಿಟ್ಟಾದ ಪರೀಕ್ಷೆಯೇ. ಆದರೆ ಅದರ ಫಲಿತಾಂಶ ಮಗುವಿಗೂ ನನಗೂ ಅದೇ ನಿಮಿಷದಲ್ಲಿ ತಿಳಿಯುತ್ತಿತ್ತು, ಮುಂದಿನ ಕೆಲಸವೇನೆಂಬುದೂ ಗೋಡೆಯ ಮೇಲೇ ಇರುತ್ತಿತ್ತು. 2009-10ರಲ್ಲಿ ಅದನ್ನು ಇಡೀ ರಾಜ್ಯಕ್ಕೆ ವಿಸ್ತರಿಸಿದ ಮೇಲೆ ಎಷ್ಟೋ ಕಡೆ ಪ್ರಗತಿ ನೋಟ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬರುವ ಹಿಂದಿನ ದಿನ ತುಂಬುವ ಚಾರ್ಟ್ ಆಯಿತು ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ತೋರಿಸುವುದಕ್ಕೆಂದು ತುಂಬಿದ ಕ್ಷಣದಿಂದ ಅದೂ ಕೆಟ್ಟಿತು.

ಇನ್ನು ರಾಷ್ಟ್ರಮಟ್ಟದ ಮಾನದಂಡದ ವಿಚಾರ. ಕೆ.ಆರ್. ಪೇಟೆಯ ಐದನೆಯ ತರಗತಿಯ ಮಗು ಕೇರಳದ ಮಗುವಿನಷ್ಟೇ ಓದಬಲ್ಲದೇ ಎಂದು ಸರ್ಕಾರ ತಿಳಿಯಬಯಸುವುದು ತಪ್ಪಲ್ಲ. ಅದಕ್ಕೆ ಪ್ರತಿಯೊಂದು ಮಗುವನ್ನೂ ಪರೀಕ್ಷೆಗೆ ಕೂರಿಸಬೇಕಾಗಿಲ್ಲ; ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಸಾಕೆಂಬುದು ಬಿಸಿಯೂಟದ ಅಕ್ಕನಿಗೂ ಗೊತ್ತು. 2024ರ ಡಿಸೆಂಬರ್ 4ರಂದು ನಡೆದ ಪರಖ್ ರಾಷ್ಟ್ರೀಯ ಸರ್ವೇಕ್ಷಣೆ ಅಂಥದ್ದು: 781 ಜಿಲ್ಲೆಗಳಲ್ಲಿ ಆಯ್ದ 74,229 ಶಾಲೆಗಳ ಮೂರು, ಆರು, ಒಂಬತ್ತನೆಯ ತರಗತಿಯ 21 ಲಕ್ಷಕ್ಕೂ ಹೆಚ್ಚು ಮಕ್ಕಳು. ಯಾವ ಮಗುವಿಗೂ ಅದರಿಂದ ಅಂಕಪಟ್ಟಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಇಲಾಖೆಯ ಆರೋಗ್ಯ ತಿಳಿಯಲು ಅದೇ ಸರಿಯಾದ ಉಪಕರಣ. ಆದರೆ ಅಂಥ ಸಮೀಕ್ಷೆಗೂ ನಾವು "ತಯಾರಿ" ಮಾಡಿಸುತ್ತೇವೆ. 2021ರ ನವೆಂಬರಿನ ರಾಷ್ಟ್ರೀಯ ಸಾಧನಾ ಸಮೀಕ್ಷೆಗೆ ಮುಂಚೆ, ಕೋವಿಡ್ಡಿನಿಂದ ಒಂದೂವರೆ ವರ್ಷ ಶಾಲೆ ಕಾಣದ ಮಕ್ಕಳಿಗೆ ನಮ್ಮ ಕ್ಲಸ್ಟರಿನಲ್ಲಿ ಮೊದಲು ಕಲಿಸಿದ್ದು ಒಎಂಆರ್ ಹಾಳೆಯ ವೃತ್ತ ತುಂಬುವುದನ್ನು. ಜ್ವರ ಅಳೆಯುವ ಮುಂಚೆ ರೋಗಿಯ ಬಾಯಿಗೆ ಐಸ್ ಇಟ್ಟಂತೆ.

ಭಾಷೆಯದೊಂದು ತೊಡಕೂ ಇದೆ. "ಕೆಳಗಿನವುಗಳಲ್ಲಿ ಗುಂಪಿಗೆ ಸೇರದ ಪದವನ್ನು ಗುರುತಿಸಿರಿ" ಎಂಬ ಪ್ರಶ್ನೆಯಲ್ಲಿ ಸೋಲುವ ಮಗು, "ಇದರಲ್ಲಿ ಯಾವುದು ಬೇರೆ ಜಾತಿದು?" ಎಂದರೆ ಥಟ್ಟನೆ ಹೇಳುತ್ತದೆ, ಜೇನುಕುರುಬರ ಹಾಡಿಯ ಮಗುವಿಗಂತೂ ಪಠ್ಯದ ಕನ್ನಡ ಮನೆಯ ಮಾತೇ ಅಲ್ಲ. ಪ್ರಶ್ನೆ ಯಾವುದನ್ನು ಅಳೆಯುತ್ತಿದೆ, ತಿಳಿವಳಿಕೆಯನ್ನೋ ಪುಸ್ತಕದ ಭಾಷೆಯನ್ನೋ ಎಂದು ಮೊದಲೇ ಪರಿಶೀಲಿಸುವುದು ಒಂದು ಶಾಸ್ತ್ರ. ಅದನ್ನು ಬಲ್ಲವರು ದೂರದಲ್ಲಿಲ್ಲ. ಮೈಸೂರಿನಲ್ಲೇ 1963ರಿಂದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿದೆ, 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ, ಆ ಸಂಸ್ಥಾನದೊಳಗೇ ಪರೀಕ್ಷೆಗಳ ರಚನೆಗೆಂದು ರಾಷ್ಟ್ರೀಯ ಪರೀಕ್ಷಾ ಸೇವೆ ಎಂಬ ವಿಭಾಗವಿದೆ. ಅವರನ್ನು ಕೂರಿಸಿಕೊಂಡು, ನಮ್ಮ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಗಳಾದ ಡಯಟ್‌ಗಳ ಉಪನ್ಯಾಸಕರನ್ನೂ ಹಳ್ಳಿಯ ಶಿಕ್ಷಕರನ್ನೂ ಸೇರಿಸಿ ಪ್ರಶ್ನೆಗಳ ಭಂಡಾರವೊಂದನ್ನು ಕಟ್ಟಿದರೆ ಅದು ಹತ್ತು ವರ್ಷ ಬಾಳುತ್ತದೆ.

ಆದ್ದರಿಂದ ನನ್ನ ಕೋರಿಕೆ ದೊಡ್ಡದೇನಲ್ಲ. ರಾಜ್ಯದ ಸ್ಥಿತಿ ತಿಳಿಯಲು ಮಾದರಿ ಸಮೀಕ್ಷೆ ಸಾಕು. ಅದರಿಂದ ಜಿಲ್ಲೆಗಳ ಶ್ರೇಯಾಂಕ ಪಟ್ಟಿ ಹೊರಡಿಸಬೇಡಿ. ಪ್ರತಿ ಮಗುವನ್ನೂ ಅಳೆಯಲೇಬೇಕೆಂದಿದ್ದರೆ ಭಂಡಾರದಿಂದ ಪ್ರಶ್ನೆಗಳನ್ನು ಶಾಲೆಗಳಿಗೆ ಕೊಡಿ. ಮಾರ್ಚಿನ ಕೊನೆಯಲ್ಲಿ ಅಲ್ಲ, ತಿದ್ದಲು ಕಾಲ ಉಳಿದಿರುವ ನವೆಂಬರಿನಲ್ಲಿ ನಡೆಯಲಿ. ಪಕ್ಕದ ಶಾಲೆಯ ಶಿಕ್ಷಕರು ಬಂದು ಮೌಲ್ಯಮಾಪನ ಮಾಡಲಿ, ಆಗ ಹೊರಗಿನವರ ಕಣ್ಣೂ ಬಿದ್ದಂತಾಗುತ್ತದೆ. ಅಂಕಕ್ಕೆ ಬದಲಾಗಿ ಯಾವ ಪ್ರಶ್ನೆಗೆ ಯಾವ ತಪ್ಪು ಉತ್ತರ ಎಷ್ಟು ಮಕ್ಕಳಿಂದ ಬಂತು ಎಂಬ ಒಂದು ಪುಟದ ಟಿಪ್ಪಣಿ ಬರೆದು, ಉತ್ತರ ಪತ್ರಿಕೆಗಳ ಸಮೇತ ವಾರದೊಳಗೆ ತರಗತಿಯ ಶಿಕ್ಷಕರ ಮೇಜಿಗೆ ತಲುಪಿಸಲಿ. ಸ್ಯಾಟ್ಸ್‌ಗೆ ಅದನ್ನು ತುಂಬಬೇಕೆಂದು ಮಾತ್ರ ದಯವಿಟ್ಟು ಆದೇಶಿಸಬೇಡಿ.

ಕೊನೆಯದಾಗಿ, 2024ರ ಮಾರ್ಚಿನಲ್ಲಿ ನಮ್ಮ ಮಕ್ಕಳು ಬರೆದ ಗಣಿತದ ಉತ್ತರ ಪತ್ರಿಕೆಗಳ ಬಗ್ಗೆ. ಅವು ಬಂಡಲ್ ಆಗಿ ಶಾಲೆಯಿಂದ ಹೊರಟಾಗ ಸಹಿ ಹಾಕಿ ಕಳಿಸಿದವಳು ನಾನೇ. ಕಳೆಯಬೇಕಾಗಿ ಬಂದ ಕಡೆಯಲ್ಲೆಲ್ಲ ಆ ಏಳು ಮಕ್ಕಳು ಕಲಿತದ್ದನ್ನು ಉಳಿಸಿಕೊಂಡಿದ್ದರೋ, ಉಳಿದಿಬ್ಬರು ಕಡ್ಡಿಯ ಕಟ್ಟು ಬಿಚ್ಚಿದ್ದನ್ನು ಹಾಳೆಯ ಮೇಲೂ ನೆನೆದರೋ ಎಂದು ನೋಡುವ ಆಸೆಯಿತ್ತು. ನಾನು ನಿವೃತ್ತಳಾಗುವವರೆಗೂ ಆ ಬಂಡಲ್ ಮರಳಲಿಲ್ಲ. ಅದು ತಾಲ್ಲೂಕಿನ ಯಾವುದಾದರೂ ಕೋಣೆಯಲ್ಲಿ ಇನ್ನೂ ಇದ್ದರೆ, ಅಂಕಗಳಿಗೆ ನ್ಯಾಯಾಲಯದ ತಡೆ ಏನಿದ್ದರೂ ಇರಲಿ, ಹಾಳೆಗಳನ್ನು ಶಾಲೆಗೆ ಕಳಿಸಿಕೊಡಲು ಏನಾದರೂ ದಾರಿಯಿದೆಯೇ ಎಂದು ದಯವಿಟ್ಟು ನೋಡಿರಿ. ಆ ಮಕ್ಕಳು ಈಗ ಏಳನೆಯ ತರಗತಿಯಲ್ಲಿ, ಅದೇ ಶಾಲೆಯಲ್ಲೇ ಇದ್ದಾರೆ. ಗಣಿತ ಶಿಕ್ಷಕರೂ ಅವರೇ ಇದ್ದಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ,
ಮಂಡ್ಯ ಜಿಲ್ಲೆ